ತಾನಾಗಿ ಬಂದದ್ದು, ಕರೆದು ತಂದದ್ದು

1662ರ ಆಗಸ್ಟ್‌ನಲ್ಲಿ ಬ್ಲೇಸ್ ಪಾಸ್ಕಲ್ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವನಿಗೆ ಬರೀ 39 ವರ್ಷ. ಕೆಲವು ದಿನ ಕಳೆದ ಮೇಲೆ ಮನೆಯ ಆಳು ಅವನ ಬಟ್ಟೆಬರೆ ನೋಡುತ್ತಿದ್ದ. ಮೇಲಂಗಿಯ ಒಳಪದರದಲ್ಲಿ ಏನೋ ದಪ್ಪಗೆ ಕೈಗೆ ತಾಕಿತು. ಹೊಲಿಗೆ ಬಿಚ್ಚಿದರೆ ಮಡಿಸಿಟ್ಟ ಚರ್ಮದ ಹಾಳೆ, ಅದರೊಳಗೆ ಒಂದು ಕಾಗದ. ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಬರಹ. ಮೊದಲಿಗೆ ತಾರೀಕು: 1654ನೇ ಇಸವಿ, ನವೆಂಬರ್ 23, ಸೋಮವಾರ. ಆಮೇಲೆ ಹೊತ್ತು: ರಾತ್ರಿ ಸುಮಾರು ಹತ್ತೂವರೆಯಿಂದ ಹನ್ನೆರಡೂವರೆವರೆಗೆ. ಅದರ ಕೆಳಗೆ ಒಂದೇ ಒಂದು ಪದ: ಬೆಂಕಿ. ಮುಂದೆ ಬಿಡಿಬಿಡಿ ಸಾಲುಗಳು. ಇದು ಪಂಡಿತರ ದೇವರಲ್ಲ, ಅಬ್ರಹಾಮನ ದೇವರು ಅನ್ನುವ ಅರ್ಥದ ಮಾತು. ನೆಮ್ಮದಿ, ಸಂತೋಷ, ಸಂತೋಷದ ಕಣ್ಣೀರು.

ಪಾಸ್ಕಲ್ ಸುಮ್ನೆ ಭಾವುಕನಾಗುವ ಆಸಾಮಿಯಲ್ಲ. ಇಪ್ಪತ್ತು ತುಂಬುವ ಹೊತ್ತಿಗೇ ಕೂಡುವ, ಕಳೆಯುವ ಯಂತ್ರ ಕಟ್ಟಲು ಕೂತವನು. ಪಾದರಸದ ಕೊಳವೆಯನ್ನು ಬೆಟ್ಟದ ತುದಿಗೆ ಕಳಿಸಿ, ಮೇಲೆ ಹೋದಂತೆ ಗಾಳಿಯ ಒತ್ತಡ ಕಮ್ಮಿಯಾಗುತ್ತದೆ ಎಂದು ತೋರಿಸಿದವನು. ಅದೇ 1654ರಲ್ಲಿ ಗಣಿತಜ್ಞ ಫರ್ಮಾ ಜೊತೆ ಕಾಗದ ಬರೆದಾಡಿ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದವನು. ಅಂಥವನು ಆ ಎರಡು ಗಂಟೆಯ ಬಗ್ಗೆ ಪುಸ್ತಕ ಬರೆಯಲಿಲ್ಲ. ಬಟ್ಟೆಯೊಳಗೆ ಹೊಲಿದುಕೊಂಡು ಎಂಟು ವರ್ಷ ತಿರುಗಾಡಿದ.

ಇಂಥದ್ದನ್ನು ಏನಂತ ಕರೆಯಬೇಕು? ಓದುವ ಪುಸ್ತಕಗಳಲ್ಲಿ ‘ಧಾರ್ಮಿಕ ಅನುಭವ’ ಅನ್ನುತ್ತಾರೆ. ಕನ್ನಡಕ್ಕೆ ಇನ್ನೂ ಒಂದು ಸೌಕರ್ಯ ಇದೆ. ಒಂದು ದೀರ್ಘ ಎಳೆದರೆ ಸಾಕು, ಅನುಭವ ಹೋಗಿ ಅನುಭಾವ ಆಗುತ್ತದೆ. ಬಿಸಿಲಲ್ಲಿ ನಿಂತರೆ ಆಗುವುದು ಅನುಭವ. ನಾನು, ಅದು ಅನ್ನುವ ಗೆರೆಯೇ ಅಳಿಸಿಹೋದರೆ ಅನುಭಾವ. ಆದರೆ ಎಲ್ಲ ಧಾರ್ಮಿಕ ಅನುಭವವೂ ಅನುಭಾವ ಅಲ್ಲ. ಇದನ್ನು ಮರೆತದ್ದರಿಂದಲೇ ಈಗಿನ ಅರ್ಧ ಗೊಂದಲ.

ಈಗ ಯಾಕೆ ಈ ಮಾತು? ಅಮೆರಿಕದಲ್ಲಿ 1962ರಲ್ಲಿ ಗ್ಯಾಲಪ್ ಸಂಸ್ಥೆ ಜನರನ್ನು ಕೇಳಿತ್ತು. ಇಂಥ ಅನುಭವ ಆಗಿದೆ ಎಂದವರು ನೂರಕ್ಕೆ 22. ಪ್ಯೂ ಸಂಸ್ಥೆ 2009ರಲ್ಲಿ ಕೇಳಿದಾಗ ಅದು 49 ಆಗಿತ್ತು. ಈ ಅವಧಿಯಲ್ಲಿ ಅಲ್ಲಿ ಚರ್ಚಿಗೆ ಹೋಗುವವರು ಜಾಸ್ತಿಯಾಗಲಿಲ್ಲ, ಕಮ್ಮಿಯಾದರು. ಮತ ಬೇಡ, ಅನುಭವ ಬೇಕು ಅನ್ನುವ ಮನಸ್ಸು ಈಗ ಎಲ್ಲ ಕಡೆ ಕಾಣುತ್ತದೆ. ಅದಕ್ಕೆ ತಕ್ಕ ಹಾಗೆ ಧ್ಯಾನದ ಆ್ಯಪ್‌ಗಳು, ಅಣಬೆಯಿಂದ ಬರುವ, ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ಸೈಲೋಸೈಬಿನ್ ಎಂಬ ಮದ್ದಿನ ಪ್ರಯೋಗಗಳು, ಪ್ರಾರ್ಥನೆ ಮಾಡುವವರ ಮಿದುಳಿನ ಸ್ಕ್ಯಾನ್‌ಗಳು. ಒಂದು ಗುಂಪು ‘ಎಲ್ಲ ಮಿದುಳಿನ ಆಟ’ ಎಂದು ಕೈತೊಳೆದುಕೊಳ್ಳುತ್ತದೆ. ಇನ್ನೊಂದು ಗುಂಪು ‘ನೋಡಿ, ವಿಜ್ಞಾನವೇ ಒಪ್ಪಿಕೊಂಡಿದೆ’ ಎಂದು ಬೀಗುತ್ತದೆ. ನನ್ನ ಪ್ರಕಾರ ಇಬ್ಬರೂ ಎಡವುವುದು ಒಂದೇ ಕಲ್ಲಿಗೆ. ತಾನಾಗಿ ಬಂದದ್ದನ್ನೂ ಕರೆದು ತಂದದ್ದನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ.

ಜೇಮ್ಸ್ ಹೇಳಿದ ನಾಲ್ಕು ಗುರುತು

ಈ ವಿಷಯವನ್ನು ಮೊದಲು ಒಂದು ಹದಕ್ಕೆ ತಂದವರು ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್. 1901–02ರಲ್ಲಿ ಎಡಿನ್‌ಬರೋದಲ್ಲಿ ಅವರು ಕೊಟ್ಟ ಉಪನ್ಯಾಸಗಳು 1902ರಲ್ಲಿ ಪುಸ್ತಕವಾದವು. ಧರ್ಮಗ್ರಂಥ, ಮಠ, ಚರ್ಚು ಎಲ್ಲವನ್ನೂ ಬದಿಗಿಟ್ಟು ಅವರು ಓದಿದ್ದು ಆತ್ಮಕಥೆ, ಡೈರಿ, ಕಾಗದಗಳನ್ನು. ಒಬ್ಬನೇ ಇದ್ದಾಗ ಮನುಷ್ಯನಿಗೆ ಏನಾಗುತ್ತದೆ ಅನ್ನುವುದೇ ಅವರ ಕುತೂಹಲ.

ಅನುಭಾವಕ್ಕೆ ಅವರು ನಾಲ್ಕು ಗುರುತು ಹೇಳಿದರು. ಮಾತಿಗೆ ಸಿಗುವುದಿಲ್ಲ. ಬರೀ ಭಾವನೆಯಲ್ಲ, ಏನನ್ನೋ ತಿಳಿದೆ ಅನ್ನಿಸುತ್ತದೆ. ಬಹಳ ಹೊತ್ತು ಇರುವುದಿಲ್ಲ. ಕೊನೆಯದು, ಅದು ನಡೆಯುವಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಯಾರೋ ಎತ್ತಿಕೊಂಡು ಹೋದ ಹಾಗೆ.

ಮೊದಲನೆಯ ಗುರುತಿನ ಬಗ್ಗೆ ನನಗೆ ಯಾವಾಗಲೂ ನಗು ಬರುತ್ತದೆ. ಹೇಳಲಾಗದು ಎಂದವರು ಹೇಳಿದ್ದೇ ಜಾಸ್ತಿ, ಅಲ್ವಾ? ಅಲ್ಲಮ ಬೆಡಗಿನ ದಾರಿ ಹಿಡಿದ. ನೇರ ಹೇಳಿದರೆ ಸುಳ್ಳಾಗುತ್ತದೆ, ಅದಕ್ಕೇ ಒಗಟು ಮಾಡಿ ಹೇಳಿದ. ನಿಜವಾಗಿ ಬಾಯಿ ಮುಚ್ಚಿದವರು ಅಪರೂಪ. ಅಂಥವರಲ್ಲಿ ಒಬ್ಬ ಥಾಮಸ್ ಅಕ್ವಿನಾಸ್. ಲಕ್ಷಾಂತರ ಪದ ಬರೆದ ಕ್ರೈಸ್ತ ಮಹಾಪಂಡಿತ. 1273ರ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಪೂಜೆಯ ಹೊತ್ತಲ್ಲಿ ಅವನಿಗೆ ಏನೋ ಆಯಿತು. ಆಮೇಲೆ ಲೇಖನಿ ಮುಟ್ಟಲಿಲ್ಲ. ಬರೆಯಿರಿ ಎಂದು ಜೊತೆಗಾರ ಒತ್ತಾಯ ಮಾಡಿದಾಗ, ನಾನು ಬರೆದದ್ದೆಲ್ಲ ಈಗ ಹುಲ್ಲಿನ ಹಾಗೆ ಕಾಣುತ್ತಿದೆ ಎಂದನಂತೆ. ಮೂರೇ ತಿಂಗಳಲ್ಲಿ ತೀರಿಕೊಂಡ. ಅವನ ದೊಡ್ಡ ಗ್ರಂಥ ಅರ್ಧಕ್ಕೇ ನಿಂತಿದೆ.

ಇನ್ನೊಂದು ವಿಚಿತ್ರ. ಈ ವಿಷಯದ ಬಗ್ಗೆ ತಲೆ ಕೆಡಿಸಿಕೊಂಡವರಲ್ಲಿ ಹಲವರಿಗೆ ಈ ಅನುಭವವೇ ಇರಲಿಲ್ಲ. ತನ್ನ ಜಾಯಮಾನಕ್ಕೆ ಅದು ಒಗ್ಗುವುದಿಲ್ಲ, ಬೇರೆಯವರ ಮಾತು ಕೇಳಿಯೇ ಹೇಳುತ್ತಿದ್ದೇನೆ ಎಂದು ಜೇಮ್ಸ್ ಒಪ್ಪಿಕೊಂಡಿದ್ದಾರೆ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್, ಸಂಗೀತದ ಕಿವಿ ಇಲ್ಲದವರ ಹಾಗೆ ತನಗೆ ಧರ್ಮದ ಕಿವಿ ಇಲ್ಲ ಎಂದರು. ಫ್ರೆಂಚ್ ಲೇಖಕ ರೊಮೇ ರೊಲಾ 1927ರಲ್ಲಿ ಫ್ರಾಯ್ಡ್‌ಗೆ ಕಾಗದ ಬರೆದು, ದಡವಿಲ್ಲದ ಕಡಲಿನಂಥ ಒಂದು ಭಾವವೇ ಎಲ್ಲ ಧರ್ಮದ ಬೇರು ಎಂದಾಗ ಫ್ರಾಯ್ಡ್ ಕೊಟ್ಟ ಉತ್ತರವೂ ಅದೇ ಧಾಟಿಯದು: ನನ್ನೊಳಗೆ ಹುಡುಕಿದೆ, ಸಿಗಲಿಲ್ಲ. ಇದನ್ನು ಬರೆಯುತ್ತಿರುವ ನಾನೂ ಅದೇ ಸಾಲಿನವನು. ಓದುವವರಿಗೆ ಇದು ಗೊತ್ತಿರಲಿ.

ಬಗೆಗಳು ಹಲವು, ಅಂಚುಗಳು ಮಸುಕು

ದೇವರ ಅನುಭವ ಅಂದ ಕೂಡಲೇ ನಮಗೆ ಶಾಂತಿ, ಬೆಳಕು, ಆನಂದ ನೆನಪಾಗುತ್ತದೆ. ಜರ್ಮನಿಯ ದೈವಶಾಸ್ತ್ರಜ್ಞ ರುಡಾಲ್ಫ್ ಆಟೋ 1917ರಲ್ಲಿ ಬೇರೆ ಮಾತು ಹೇಳಿದರು. ಅದರ ಮೂಲದಲ್ಲಿ ಇರುವುದು ನಡುಕ. ಮೈ ಜುಮ್ಮೆನ್ನಿಸುವ ಭಯ, ಜೊತೆಗೇ ಬಿಟ್ಟು ಹೋಗಲಾರದ ಸೆಳೆತ. ಈ ಎರಡೂ ಒಟ್ಟಿಗೆ ಇರಬೇಕು.

ಆಟೋ ಹೇಳಿದ್ದು ಅರ್ಥವಾಗಬೇಕಾದರೆ ಗೀತೆಯ 11ನೇ ಅಧ್ಯಾಯ ಸಾಕು. ನಿನ್ನ ರೂಪ ತೋರಿಸು ಎಂದು ಕೇಳಿದ್ದು ಅರ್ಜುನನೇ. ತೋರಿಸಿದ ಮೇಲೆ ರೋಮ ನಿಮಿರಿ, ದಿಕ್ಕು ತಪ್ಪಿ, ಸಾಕಪ್ಪ, ಹಳೆಯ ರೂಪಕ್ಕೆ ಬಾ ಎಂದು ಬೇಡುವುದೂ ಅವನೇ. ಆ ಗಾಬರಿಯ ನಡುವೆ ಅವನು ಒಂದು ಸಣ್ಣ ವಿಷಯಕ್ಕೆ ಕ್ಷಮೆ ಕೇಳುತ್ತಾನೆ. ಏ ಕೃಷ್ಣ, ಏ ಯಾದವ, ಏ ಗೆಳೆಯ ಎಂದು ಸಲಿಗೆಯಿಂದ ಕರೆದುಬಿಟ್ಟೆ. ಆಡುವಾಗ, ಮಲಗುವಾಗ, ಉಣ್ಣುವಾಗ ತಮಾಷೆ ಮಾಡಿಬಿಟ್ಟೆ, ತಪ್ಪಾಯಿತು. ಸಾವಿರ ಸೂರ್ಯರ ಬೆಳಕಿಗಿಂತ ನನಗೆ ಈ ಕ್ಷಮೆಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ನಿಜಕ್ಕೂ ಹೆದರಿದವನಿಗೆ ನೆನಪಾಗುವುದು ಇಂಥದ್ದೇ.

ಇಲ್ಲಿ ಇಬ್ಬರು ಇದ್ದಾರೆ, ಗಮನಿಸಿ. ನಡುಗುವವನು ಒಬ್ಬ, ನಡುಗಿಸುವವನು ಒಬ್ಬ. ಅನುಭಾವದಲ್ಲಿ ಈ ಲೆಕ್ಕವೇ ನಿಲ್ಲುವುದಿಲ್ಲ. ತತ್ವಜ್ಞಾನಿ ವಾಲ್ಟರ್ ಸ್ಟೇಸ್ 1960ರಲ್ಲಿ ಅದನ್ನು ಎರಡಾಗಿ ಒಡೆದರು. ಒಂದು ಹೊರಮುಖದ್ದು: ಕಣ್ಣು ತೆರೆದೇ ಇದೆ, ಕಲ್ಲು, ಮರ, ಜನ ಎಲ್ಲ ಕಾಣುತ್ತಿದ್ದಾರೆ, ಆದರೆ ಎಲ್ಲವೂ ಒಂದೇ ಅನ್ನಿಸುತ್ತದೆ. ಇನ್ನೊಂದು ಒಳಮುಖದ್ದು: ನೋಟ, ಸದ್ದು, ಯೋಚನೆ ಒಂದೊಂದೇ ಕಳಚಿ, ಬರೀ ಅರಿವು ಉಳಿಯುತ್ತದೆ. ವಚನಗಳ ‘ಬಯಲು’ ಎರಡನೆಯದಕ್ಕೆ ಹತ್ತಿರ.

ಮೂರನೆಯದು ದರ್ಶನ ಮತ್ತು ದನಿ. ಸ್ಪೇನಿನ ಸನ್ಯಾಸಿನಿ ತೆರೇಸಾ 16ನೇ ಶತಮಾನದಲ್ಲೇ ಇದನ್ನು ವಿಂಗಡಿಸಿದ್ದಳು. ಹೊರಗಣ್ಣಿಗೆ ಕಾಣುವುದು, ಒಳಗಣ್ಣಿಗೆ ಕಾಣುವುದು, ಯಾವ ಕಣ್ಣಿಗೂ ಕಾಣದೆ ‘ಇಲ್ಲೇ ಇದ್ದಾನೆ’ ಎಂದು ಖಚಿತವಾಗುವುದು. ರೂಪ ಇಲ್ಲದ ಈ ಕೊನೆಯದಕ್ಕೇ ಅವಳ ಮೊದಲ ಮಣೆ. ಮೋಸ ಹೋಗುವ ಸಾಧ್ಯತೆ ಅಲ್ಲಿ ಕಮ್ಮಿ ಅನ್ನುವುದು ಅವಳ ವಾದ.

ಯಾರೋ ಪಕ್ಕದಲ್ಲಿ ಇದ್ದಾರೆ ಅನ್ನುವುದು ಸಂತರಿಗೆ ಮಾತ್ರ ಆಗುವುದಲ್ಲ. 1916ರ ಮೇ ತಿಂಗಳಲ್ಲಿ ಧ್ರುವಯಾನಿ ಶ್ಯಾಕಲ್‌ಟನ್ ಮತ್ತು ಇಬ್ಬರು ಸಂಗಡಿಗರು ದಕ್ಷಿಣ ಜಾರ್ಜಿಯಾ ದ್ವೀಪದ ಹಿಮದ ಬೆಟ್ಟಗಳನ್ನು ದಾಟಿದರು. ನಕ್ಷೆ ಇಲ್ಲ, ಡೇರೆ ಇಲ್ಲ, 36 ಗಂಟೆ ನಿದ್ದೆಯೂ ಇಲ್ಲ. ನಾವು ಮೂವರಲ್ಲ, ನಾಲ್ವರು ಅನ್ನಿಸುತ್ತಿತ್ತು ಎಂದು ಆಮೇಲೆ ಶ್ಯಾಕಲ್‌ಟನ್ ಬರೆದರು. ಉಳಿದ ಇಬ್ಬರಿಗೂ ಹಾಗೇ ಅನ್ನಿಸಿತ್ತು. ನಡೆಯುವಾಗ ಯಾರೂ ಬಾಯಿ ಬಿಟ್ಟಿರಲಿಲ್ಲ.

2006ರಲ್ಲಿ ಸ್ವಿಟ್ಜರ್ಲೆಂಡಿನ ನರವಿಜ್ಞಾನಿ ಓಲಾಫ್ ಬ್ಲಾಂಕೆ ಮತ್ತು ಜೊತೆಗಾರರು ಇನ್ನೊಂದು ಘಟನೆ ವರದಿ ಮಾಡಿದರು. ಮೂರ್ಛೆರೋಗದ ಒಬ್ಬ ಯುವತಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಪರೀಕ್ಷೆ ನಡೆಯುತ್ತಿತ್ತು. ಮಿದುಳಿನ ಎಡಭಾಗದಲ್ಲಿ, ಕಿವಿಯಿಂದ ಸ್ವಲ್ಪ ಮೇಲೆ ಹಿಂದಕ್ಕೆ, ಸಣ್ಣ ವಿದ್ಯುತ್ ಹರಿಸಿದರೆ ಬೆನ್ನ ಹಿಂದೆ ಯಾರೋ ಬಂದು ನಿಲ್ಲುತ್ತಿದ್ದರು. ಅವಳು ಮಲಗಿದರೆ ಆ ನೆರಳೂ ಮಲಗುತ್ತಿತ್ತು. ಅವಳು ಬಗ್ಗಿ ಮೊಣಕಾಲು ತಬ್ಬಿದರೆ ಅದು ಅವಳನ್ನು ತಬ್ಬುತ್ತಿತ್ತು. ಅವಳಿಗೆ ಅದು ಹಿಡಿಸಲಿಲ್ಲ.

ತೆರೇಸಾಳಿಗೆ ಕ್ರಿಸ್ತ, ಶ್ಯಾಕಲ್‌ಟನ್‌ಗೆ ದೈವದ ಕಾವಲು, ಈ ಯುವತಿಗೆ ಬೇಡದ ನೆರಳು. ಮೂಲದ ಅನ್ನಿಸಿಕೆ ಒಂದೇ ಇರಬಹುದು. ಹಾಗಾದರೆ ಧಾರ್ಮಿಕ ಅನ್ನುವುದು ಎಲ್ಲಿಂದ ಬಂತು? ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಮತಾಂತರ ಅಥವಾ ಬಾಳಿನ ಹೊರಳು ಅನ್ನುವ ಬಗೆಯೂ ಇದೆ. ದಮಾಸ್ಕಸ್ ದಾರಿಯಲ್ಲಿ ಕ್ರಿಸ್ತನ ಕಡೆಗೆ ತಿರುಗಿದ ಪೌಲ, 386ರಲ್ಲಿ ಮಿಲಾನಿನ ತೋಟದಲ್ಲಿ ಅಗಸ್ಟೀನ್. ಇವು ಎಲ್ಲರಿಗೂ ಗೊತ್ತಿರುವ ಕಥೆಗಳು, ಹೆಚ್ಚು ಹೇಳುವುದಿಲ್ಲ. ಹೇಳಬೇಕಾದದ್ದು ಯಾರೂ ಹೇಳದ ಒಂದು ಬಗೆಯ ಬಗ್ಗೆ. ಇಂಗ್ಲೆಂಡಿನ ತತ್ವಜ್ಞಾನಿ ರಿಚರ್ಡ್ ಸ್ವಿನ್‌ಬರ್ನ್ ತಮ್ಮ ಐದು ಬಗೆಯ ಪಟ್ಟಿಯಲ್ಲಿ ಕೊನೆಗೆ ಇಟ್ಟದ್ದು ಇದನ್ನು. ಇಲ್ಲಿ ಬೆಳಕಿಲ್ಲ, ದನಿಯಿಲ್ಲ, ತಾರೀಕಿಲ್ಲ. ಕೈ ಹಿಡಿದು ಯಾರೋ ನಡೆಸುತ್ತಿದ್ದಾರೆ ಅನ್ನುವ ಒಂದು ಭರವಸೆ ಇಡೀ ಬದುಕಿನ ಹಿಂದೆ ಶ್ರುತಿಯ ಹಾಗೆ ನಿಂತಿರುತ್ತದೆ. ಇದನ್ನು ಅನುಭವ ಅನ್ನಬೇಕೋ ಬೇಡವೋ ಎಂದು ಆಗಿರುವವರಿಗೇ ಗೊತ್ತಿರುವುದಿಲ್ಲ. ಜಾಸ್ತಿ ಜನರ ಧರ್ಮ ಇದೇ ಎಂದು ನನ್ನ ಅನಿಸಿಕೆ. ಯಾವ ಸ್ಕ್ಯಾನೂ ಇದನ್ನು ಹಿಡಿಯಲು ಹೋಗಿಲ್ಲ. ಯಾವ ಕ್ಷಣದ ಫೋಟೋ ತೆಗೆಯುವುದು?

ಮಂಗನ ಮರಿ, ಬೆಕ್ಕಿನ ಮರಿ

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತಾನಾಗಿ ಬಂದದ್ದು, ಕರೆದು ತಂದದ್ದು ಅನ್ನುವ ಭೇದ ಹೊಸದಲ್ಲ. ಸೂಫಿಗಳ ಬಳಿ ಇದಕ್ಕೆ ಎರಡು ಪದಗಳೇ ಇವೆ. ಮಕಾಮ್ ಅಂದರೆ ಸಾಧಕ ಕಷ್ಟಪಟ್ಟು ಹತ್ತಿ ನಿಲ್ಲುವ ಮೆಟ್ಟಿಲು. ಹಾಲ್ ಅಂದರೆ ಕೇಳದೆ ಬಂದು ಹೇಳದೆ ಹೋಗುವ ಸ್ಥಿತಿ. ಶ್ರೀವೈಷ್ಣವರಲ್ಲಿ ಪಂಗಡ ಎರಡಾಗುವುದಕ್ಕೆ ಇಂಥದ್ದೇ ಜಗಳ ಒಂದು ಕಾರಣ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿ ಹಿಡಿಯಬೇಕು. ಬೆಕ್ಕಿನ ಮರಿ ಸುಮ್ನೆ ಬಿದ್ದಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಕೃಪೆಗೆ ನಮ್ಮ ಕಡೆಯಿಂದ ಎಷ್ಟು ಪ್ರಯತ್ನ ಬೇಕು ಅನ್ನುವುದೇ ಜಗಳ. ಕ್ಯಾಥೊಲಿಕ್ ಬರಹಗಾರರೂ ಅಭ್ಯಾಸದಿಂದ ಗಳಿಸಿದ ಧ್ಯಾನ ಬೇರೆ, ಸುರಿದು ಬಂದ ಧ್ಯಾನ ಬೇರೆ ಅನ್ನುತ್ತಾರೆ.

ಪ್ರಯೋಗಾಲಯಕ್ಕೆ ಬೆಕ್ಕಿನ ಮರಿ ಉಪಯೋಗವಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಯಂತ್ರ ಖಾಲಿ ಇದೆ, ಆಗ ಅನುಭವ ಬರಬೇಕು. ಹಾಗಾಗಿ ಅಲ್ಲಿ ಅಳೆಯುವುದೆಲ್ಲ ಮಂಗನ ಮರಿಯನ್ನೇ. ಇದರಲ್ಲಿ ತಪ್ಪೇನಿಲ್ಲ, ಅಳೆದದ್ದು ಅದನ್ನು ಎಂದು ಹೇಳಿದರೆ.

ಅಮೆರಿಕದ ಆಂಡ್ರ್ಯೂ ನ್ಯೂಬರ್ಗ್ ಟಿಬೆಟಿನ ಪದ್ಧತಿಯಲ್ಲಿ ಪಳಗಿದ ಎಂಟು ಧ್ಯಾನಿಗಳನ್ನು ಪರೀಕ್ಷಿಸಿದರು. ಧ್ಯಾನಕ್ಕೆ ಕೂತವರ ಬೆರಳಿಗೆ ಒಂದು ದಾರ. ಆಳಕ್ಕೆ ಇಳಿದೆ ಅನ್ನಿಸಿದಾಗ ಮೆಲ್ಲಗೆ ಎಳೆಯಬೇಕು. ಪಕ್ಕದ ಕೋಣೆಯಲ್ಲಿ ದಾರ ಅಲುಗಿದ ಕೂಡಲೇ ಉದ್ದ ಕೊಳವೆಯ ಮೂಲಕ ರಕ್ತಕ್ಕೆ ವಿಕಿರಣದ ಗುರುತುದ್ರವ ಬಿಡುತ್ತಿದ್ದರು. ಆಮೇಲೆ ಚಿತ್ರ. ನಮ್ಮ ಮೈ ಎಲ್ಲಿ ಮುಗಿಯಿತು, ಹೊರಗಿನದು ಎಲ್ಲಿ ಶುರುವಾಯಿತು ಎಂದು ಲೆಕ್ಕ ಇಡುವ ಭಾಗ ತಣ್ಣಗಾಗಿತ್ತು. ‘ನಾನು’ ಕರಗುವುದಕ್ಕೆ ಇದೇ ಕಾರಣ ಇರಬಹುದು ಎಂದರು. ಚೆನ್ನಾದ ಊಹೆ. ಆದರೆ ನಾನು ಕರಗಿದ ಹೊತ್ತಲ್ಲಿ ದಾರ ಎಳೆದವರು ಯಾರು? ತಮಾಷೆಗೆ ಕೇಳುತ್ತಿಲ್ಲ. ‘ಈಗ ತಲುಪಿದೆ’ ಎಂದು ಗಮನಿಸಿ ಬೆರಳು ಆಡಿಸುವಷ್ಟು ಎಚ್ಚರ ಉಳಿದಿದ್ದರೆ, ಅದು ಸ್ಟೇಸ್ ಹೇಳಿದ ಬರೀ ಅರಿವಿಗೆ ಒಂದು ಮೆಟ್ಟಿಲು ಈಚೆಗೇ ಇರಬೇಕು.

ಮಾಂಟ್ರಿಯಲ್‌ನಲ್ಲಿ ಮಾರಿಯೊ ಬೊರೆಗಾರ್ 15 ಮಂದಿ ಕಾರ್ಮೆಲೈಟ್ ಪಂಥದ ಕ್ರೈಸ್ತ ಸನ್ಯಾಸಿನಿಯರನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿದರು. 2006ರಲ್ಲಿ ಫಲಿತಾಂಶ ಬಂತು. ದೇವರಿಗೆ ಮಿದುಳಿನಲ್ಲಿ ಒಂದೇ ಒಂದು ಗುಂಡಿ ಇಲ್ಲ, ಹತ್ತಾರು ಭಾಗಗಳು ಒಟ್ಟಿಗೆ ಕೆಲಸ ಮಾಡುತ್ತವೆ ಎಂದು ಸುದ್ದಿಯಾಯಿತು. ಸುದ್ದಿಯಲ್ಲಿ ಅಷ್ಟಾಗಿ ಬಾರದ ಒಂದು ವಿಷಯ ಇದೆ. ಕರೆದ ಕೂಡಲೇ ದೇವರು ಬರುವುದಿಲ್ಲ ಎಂದು ಆ ಹೆಂಗಸರು ಮೊದಲೇ ಹೇಳಿಬಿಟ್ಟಿದ್ದರು. ಅದಕ್ಕೇ, ಹಿಂದೆ ಎಂದೋ ಆದ ಅತಿ ದೊಡ್ಡ ಅನುಭವವನ್ನು ನೆನೆದು ಮತ್ತೆ ಅದರೊಳಗೆ ಹೋಗಿ ಎಂದು ಅವರಿಗೆ ಹೇಳಲಾಯಿತು. ಅಂದರೆ ಯಂತ್ರ ನೋಡಿದ್ದು ಆ ಬೆಂಕಿಯ ರಾತ್ರಿಯನ್ನಲ್ಲ. ಪಾಸ್ಕಲ್ ಆಮೇಲೆ ಎಂದೋ ಅಂಗಿಯ ಹೊಲಿಗೆ ಸವರಿಕೊಂಡದ್ದನ್ನು.

ಹೆಲ್ಮೆಟ್ಟಿನ ಕಥೆ ಇನ್ನೂ ಚಿಕ್ಕದು. ಕೆನಡಾದ ಮೈಕೆಲ್ ಪರ್ಸಿಂಗರ್, ತಲೆಯ ಬದಿಗಳಿಗೆ ನವಿರಾದ ಕಾಂತಕ್ಷೇತ್ರ ಕೊಟ್ಟರೆ ಯಾರೋ ಇದ್ದ ಹಾಗೆ ಅನ್ನಿಸುತ್ತದೆ ಎಂದರು. ‘ದೇವರ ಹೆಲ್ಮೆಟ್’ ಎಂದು ಪತ್ರಿಕೆಗಳು ಹೆಸರಿಟ್ಟವು. ಸ್ವೀಡನ್ನಿನ ತಂಡ 2005ರಲ್ಲಿ, ಕಾಂತ ಯಾವಾಗ ಚಾಲೂ ಇದೆ ಎಂದು ಪರೀಕ್ಷಿಸುವವರಿಗೂ ಗೊತ್ತಾಗದ ಹಾಗೆ ಮಾಡಿ ನೋಡಿತು. ಕಾಂತದಿಂದ ಏನೂ ಆಗಲಿಲ್ಲ. ಬೇಗ ನಂಬುವ ಸ್ವಭಾವದವರಿಗೆ ಕಾಂತ ಇಲ್ಲದೆಯೂ ಅನುಭವ ಆಯಿತು.

ಸೈಲೋಸೈಬಿನ್ ಮಾತ್ರ ಹಾಗೆ ತಳ್ಳಿಹಾಕುವಂಥದ್ದಲ್ಲ. 1962ರ ಗುಡ್ ಫ್ರೈಡೇ ದಿನ ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನಲ್ಲಿ ವಾಲ್ಟರ್ ಪಾಂಕೆ 20 ಮಂದಿ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ನೆಲಮಾಳಿಗೆಯಲ್ಲಿ ಕೂರಿಸಿದರು. ಹತ್ತು ಮಂದಿಗೆ ಸೈಲೋಸೈಬಿನ್, ಉಳಿದ ಹತ್ತು ಮಂದಿಗೆ ಮುಖ ಬಿಸಿಯಾಗಿಸುವ ಒಂದು ವಿಟಮಿನ್. ಮೇಲಿನ ಪ್ರಾರ್ಥನೆ ಧ್ವನಿವರ್ಧಕದಲ್ಲಿ ಕೇಳಿಬರುತ್ತಿತ್ತು. ಯಾರಿಗೆ ಯಾವುದು ಎಂಬ ಗುಟ್ಟು ಬಹಳ ಹೊತ್ತು ಉಳಿಯಲಿಲ್ಲ. ಒಂದಷ್ಟು ಜನ ಬೆಂಚಿನ ಮೇಲೆ ಮಲಗಿ ದೇವರನ್ನು ಕೂಗುತ್ತಿದ್ದರೆ ಉಳಿದವರಿಗೆ ಗೊತ್ತಾಗದೇ ಇರುತ್ತದೆಯೇ? ರಿಕ್ ಡಾಬ್ಲಿನ್ ಅವರಲ್ಲಿ ಹಲವರನ್ನು ಹುಡುಕಿ ಮಾತಾಡಿಸಿ 1991ರಲ್ಲಿ ವರದಿ ಬರೆದರು. ಔಷಧಿ ತೆಗೆದುಕೊಂಡವರಲ್ಲಿ ಬಹುತೇಕರು ಅದನ್ನು ಬದುಕಿನ ಒಂದು ಎತ್ತರದ ಗಳಿಗೆ ಎಂದೇ ಎಣಿಸುತ್ತಿದ್ದರು. ಜೊತೆಗೆ ಇನ್ನೊಂದು ಸತ್ಯವೂ ಹೊರಬಿತ್ತು. ಆ ದಿನ ಒಬ್ಬ ವಿದ್ಯಾರ್ಥಿ ಹೊರಗೆ ಓಡಿಹೋಗಿದ್ದ. ಅವನನ್ನು ಹಿಡಿದು ತಂದು ಶಾಂತ ಮಾಡುವ ಇಂಜೆಕ್ಷನ್ ಕೊಟ್ಟಿದ್ದರು. ಪಾಂಕೆ ಅದನ್ನು ತಮ್ಮ ಪ್ರಬಂಧದಲ್ಲಿ ಬರೆದಿರಲಿಲ್ಲ.

2006ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ರೋಲಂಡ್ ಗ್ರಿಫಿತ್ಸ್ 36 ಮಂದಿಯ ಮೇಲೆ ಇನ್ನೂ ಬಿಗಿಯಾದ ಪ್ರಯೋಗ ಪ್ರಕಟಿಸಿದರು. ಎರಡು ತಿಂಗಳ ನಂತರ ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ, ಇದು ಬದುಕಿನ ಐದು ಮುಖ್ಯ ಅನುಭವಗಳಲ್ಲಿ ಒಂದು ಎಂದರು. ಸುಮಾರು ಮೂರನೇ ಒಂದು ಪಾಲು ಜನರಿಗೆ ಅದೇ ಕೂತಲ್ಲಿ ವಿಪರೀತ ಭಯವೂ ಆಗಿತ್ತು. ಈಗ ಈ ವಿಷಯವನ್ನು ಕೊಂಡಾಡುವವರು ಮೊದಲ ಸಾಲನ್ನು ಹೇಳಿ ಎರಡನೆಯದನ್ನು ನುಂಗುತ್ತಾರೆ. ಆಟೋ ಇದ್ದಿದ್ದರೆ ಎರಡನೆಯದರಿಂದಲೇ ಶುರುಮಾಡುತ್ತಿದ್ದರೇನೋ.

ಮಾತ್ರೆಯಿಂದ ಬಂದದ್ದು ನಕಲಿಯೇ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಉಪವಾಸ, ಜಾಗರಣೆ, ಉಸಿರು ಬಿಗಿಹಿಡಿಯುವುದು, ಗಂಟೆಗಟ್ಟಲೆ ಒಂದೇ ನಾಮ ಜಪಿಸುವುದು, ಇವೆಲ್ಲವೂ ಮೈಯನ್ನು ಬದಲಾಯಿಸುವ ಉಪಾಯಗಳೇ. ಜೇಮ್ಸ್ ಕೂಡ ನಗೆಅನಿಲ ಸೇದಿ ಪರೀಕ್ಷೆ ಮಾಡಿಕೊಂಡವರು. ಕರೆದು ತಂದದ್ದು ಸುಳ್ಳಾಗಬೇಕಿಲ್ಲ. ಆದರೆ ತಾನಾಗಿ ಬಂದದ್ದರ ಮುಖ್ಯ ಗುಣ, ನನ್ನ ಕೈಯಲ್ಲಿ ಇಲ್ಲ ಅನ್ನುವುದು. ಅದು ಸಮಯ ಗೊತ್ತುಮಾಡಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಕೂಡಲೇ ಒಂದಿಷ್ಟು ಸೋರಿಹೋಗುತ್ತದೆ.

ಹಗ್ಗ ಮತ್ತು ಹಾವು

‘ಎಲ್ಲ ಮಿದುಳಿನ ಆಟ’ ಅನ್ನುವವರಿಗೆ ಒಂದು ಮಾತು. ಪಾಸ್ಕಲ್ ಲೆಕ್ಕ ಮಾಡುವಾಗಲೂ ಮಿದುಳು ಕೆಲಸ ಮಾಡುತ್ತಿತ್ತು. ಸ್ಕ್ಯಾನ್ ಇದ್ದಿದ್ದರೆ ಅದೂ ಕಾಣುತ್ತಿತ್ತು. ಲೆಕ್ಕ ಸರಿಯೋ ತಪ್ಪೋ ಎಂದು ಸ್ಕ್ಯಾನ್ ಹೇಳುತ್ತಿರಲಿಲ್ಲ. ಹಾಗೆಂದು ಸ್ಕ್ಯಾನಿಗೆ ಬೆಲೆಯೇ ಇಲ್ಲ ಅನ್ನುವುದೂ ಸರಿಯಲ್ಲ. ಬ್ಲಾಂಕೆಯ ತಂತಿ ಯಾರೂ ಇಲ್ಲದೆ ‘ಯಾರೋ’ ಎಂಬ ಭಾವ ಹುಟ್ಟಿಸಿತು. ಆದ್ದರಿಂದ ಬರೀ ‘ಅನ್ನಿಸಿತು’ ಅನ್ನುವುದನ್ನೇ ಪುರಾವೆ ಎಂದು ಮುಂದಿಟ್ಟರೆ ಸಾಲದು.

ಅಮೆರಿಕದ ವೇಯ್ನ್ ಪ್ರೌಡ್‌ಫೂಟ್ 1985ರಲ್ಲಿ ಇಲ್ಲಿ ಒಂದು ಉಪಯೋಗದ ಗೆರೆ ಎಳೆದರು. ನಮ್ಮ ಹಳೆಯ ಹಗ್ಗ ಹಾವಿನ ಮಾತಲ್ಲೇ ಅದನ್ನು ಹೇಳಬಹುದು. ಮಬ್ಬಿನಲ್ಲಿ ಹಗ್ಗ ನೋಡಿ ಒಬ್ಬ ಹಾರಿಬಿದ್ದ. ಅವನು ಹಗ್ಗಕ್ಕೆ ಹೆದರಿದ ಅಂದರೆ ತಪ್ಪು. ಹಗ್ಗಕ್ಕೆ ಯಾರೂ ಹೆದರುವುದಿಲ್ಲ, ಅವನು ಹೆದರಿದ್ದು ಹಾವಿಗೇ. ಅನುಭವ ಏನು ಎಂದು ಬರೆಯುವಾಗ ಅವನ ಮಾತಲ್ಲೇ ಬರೆಯಬೇಕು. ಅದಕ್ಕೆ ಕಾರಣ ಏನು ಎಂದು ಹುಡುಕುವಾಗ ದೀಪ ಹಿಡಿದು ನೋಡಬಹುದು. ಭಕ್ತರು ದೀಪ ಬೇಡ ಅನ್ನುತ್ತಾರೆ. ಸಂದೇಹಿಗಳು ಅವನು ಹೆದರಲೇ ಇಲ್ಲ ಅನ್ನುತ್ತಾರೆ.

ಹಾವೇ ಯಾಕೆ ಕಂಡಿತು ಅನ್ನುವುದು ಇನ್ನೊಂದು ಪ್ರಶ್ನೆ. ಧಾರ್ಮಿಕ ಅನ್ನುವುದು ಎಲ್ಲಿಂದ ಬಂತು ಎಂದು ಮೊದಲು ಕೇಳಿದ್ದೂ ಇದನ್ನೇ. ಹಾವು ಗೊತ್ತಿದ್ದವನಿಗೆ ಹಾವು. ಸ್ಟೀವನ್ ಕಾಟ್ಜ್ 1978ರಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ. ಯಾವ ಅನುಭವವೂ ಬೆತ್ತಲೆಯಾಗಿ ಬರುವುದಿಲ್ಲ. ಬೆಳೆದ ಪರಂಪರೆಯ ಬಟ್ಟೆ ತೊಟ್ಟೇ ಬರುತ್ತದೆ. ಕ್ರಿಶ್ಚಿಯನ್ ಸನ್ಯಾಸಿನಿಗೆ ಮೇರಿ ಕಾಣುತ್ತಾಳೆ, ಕೃಷ್ಣ ಕಾಣುವುದಿಲ್ಲ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಧರ್ಮದ್ದಲ್ಲ, ಮನೋರೋಗದ್ದು. ಆದರೂ ಇಲ್ಲಿ ಹೇಳಲೇಬೇಕು. ಅಮೆರಿಕ, ಘಾನಾ, ಭಾರತ ಮೂರೂ ಕಡೆ, ಇಲ್ಲದ ದನಿ ಕೇಳುವ ರೋಗಿಗಳನ್ನು ಮಾತಾಡಿಸಿದರು. ಅಮೆರಿಕದವರಿಗೆ ಕೇಳಿದ್ದು ಹೆಚ್ಚಾಗಿ ಕ್ರೂರ, ಅಪರಿಚಿತ ದನಿಗಳು. ಘಾನಾದಲ್ಲಿ ದೇವರ ದನಿ. ಚೆನ್ನೈನಲ್ಲಿ ನೆಂಟರ ದನಿ, ಮನೆಗೆಲಸ ಮಾಡು ಎಂದು ಗದರುವುದು. ರೋಗ ಒಂದೇ, ದನಿಗೆ ಮಾತ್ರ ಊರು ಇದೆ.

ಕಾಟ್ಜ್ ಮಾತು ಬಹುಪಾಲು ನಿಜ, ಆದರೆ ಪೂರ್ತಿ ಅಲ್ಲ ಅನ್ನುವುದು ನನ್ನ ಗುಮಾನಿ. ಬಟ್ಟೆ ಹರಿದ ಉದಾಹರಣೆಗಳೂ ಇವೆ. 922ರಲ್ಲಿ ಬಾಗ್ದಾದಿನಲ್ಲಿ ಸೂಫಿ ಮನ್ಸೂರ್ ಹಲ್ಲಾಜ್‌ನನ್ನು ಕೊಂದರು. ನಾನೇ ಸತ್ಯ, ಅಂದರೆ ನಾನೇ ದೇವರು ಎಂದನೆಂಬುದು ಅವನ ಮೇಲಿನ ದೂರುಗಳಲ್ಲಿ ಹೆಸರಾದದ್ದು. ಅವನು ಬೆಳೆದ ಪರಂಪರೆ ಅವನಿಗೆ ಹೇಳಿಕೊಟ್ಟಿದ್ದು ಆ ಮಾತನ್ನಲ್ಲ.

ನಂಬಬೇಕೋ ಬೇಡವೋ ಅನ್ನುವ ಜಗಳದಲ್ಲಿ ಎರಡು ತುದಿ ಇವೆ. ಕಮ್ಮಿ ತಿಂದವನು ಸ್ವರ್ಗ ಕಾಣುತ್ತಾನೆ, ಜಾಸ್ತಿ ಕುಡಿದವನು ಹಾವು ಕಾಣುತ್ತಾನೆ, ವಿಜ್ಞಾನಕ್ಕೆ ಎರಡೂ ಒಂದೇ ಎಂದು ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಕಾಲೆಳೆದರು. ಇನ್ನೊಂದು ತುದಿಯ ಮಾತು ಇದು: ಒಬ್ಬನಿಗೆ ಏನೋ ಇದ್ದ ಹಾಗೆ ಕಂಡರೆ, ಸಂಶಯಕ್ಕೆ ತಕ್ಕ ಕಾರಣ ಇಲ್ಲದಿದ್ದರೆ ಇದೆ ಎಂದೇ ಇಟ್ಟುಕೊಳ್ಳಬೇಕು. ಮೇಜು ಕುರ್ಚಿಯನ್ನು ನಂಬುವುದೂ ಹಾಗೇ ತಾನೇ ಎಂದು ಸ್ವಿನ್‌ಬರ್ನ್ 1979ರಲ್ಲಿ ಕೇಳಿದರು. ಮೇಜಿನ ವಿಷಯದಲ್ಲಿ ಪಕ್ಕದವನೂ ಬಂದು ಮುಟ್ಟಿ ನೋಡಬಹುದು ಅನ್ನುವುದು ಸ್ವಿನ್‌ಬರ್ನ್‌ಗೆ ನನ್ನ ಆಕ್ಷೇಪ. ನನಗೆ ಒಪ್ಪಿಗೆಯಾಗುವುದು ಜೇಮ್ಸ್ ಕೊಟ್ಟ ತೀರ್ಪು. ಆದವರಿಗೆ ಅದು ಪ್ರಮಾಣ, ಅದನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಆಗದವರು ಅದಕ್ಕೆ ತಲೆಬಾಗಬೇಕು ಎನ್ನುವ ಹಕ್ಕು ಅವರಿಗೂ ಇಲ್ಲ.

ಈ ಎರಡನೆಯ ಅರ್ಧ ಮರೆತಾಗ ಆಗುವ ಅನಾಹುತ ಗೊತ್ತಿರುವಂಥದ್ದೇ. ನನಗೆ ದನಿ ಕೇಳಿಸಿತು, ಆದ್ದರಿಂದ ನೀವು ಹೀಗೆ ಮಾಡಿ ಎನ್ನುವಲ್ಲಿಂದ ಅದು ಶುರುವಾಗುತ್ತದೆ. ಪರಂಪರೆಗಳು ಇದನ್ನು ಚೆನ್ನಾಗಿ ಬಲ್ಲವು. ಪತಂಜಲಿ ಸಿದ್ಧಿಗಳನ್ನು ಸಮಾಧಿಗೆ ಅಡ್ಡಿ ಎಂದ. ಝೆನ್ ಗುರುಗಳು ಧ್ಯಾನದಲ್ಲಿ ಬುದ್ಧನೇ ಕಂಡರೂ ಅದಕ್ಕೆ ಮಣೆ ಹಾಕಬೇಡ ಅನ್ನುತ್ತಾರೆ. ತೆರೇಸಾ ನೋಡುತ್ತಿದ್ದದ್ದು, ಆಮೇಲೆ ಮನುಷ್ಯ ತಗ್ಗಿದನೋ ಉಬ್ಬಿದನೋ ಎಂದು.

ಆ್ಯಪ್‌ಗಳಲ್ಲಿ ಈ ಕಾವಲು ಇಲ್ಲ. 2017ರಲ್ಲಿ ಜೇರೆಡ್ ಲಿಂಡಾಲ್, ವಿಲೋಬಿ ಬ್ರಿಟನ್ ಮತ್ತು ಜೊತೆಗಾರರು ಪಶ್ಚಿಮದ ಸುಮಾರು 60 ಬೌದ್ಧ ಧ್ಯಾನಿಗಳನ್ನು ಕೂಲಂಕಷ ಮಾತಾಡಿಸಿದ ಅಧ್ಯಯನ ಪ್ರಕಟಿಸಿದರು. ಭಯ, ನಿದ್ದೆಗೇಡು, ತಾನೇ ಇಲ್ಲ ಅನ್ನುವ ದಿಗಿಲು, ಕೆಲವರಿಗೆ ಆಸ್ಪತ್ರೆ ಸೇರುವ ಸ್ಥಿತಿ. ‘ನಾನು’ ಕರಗುವುದು ಒಬ್ಬರಿಗೆ ಬಿಡುಗಡೆ, ಇನ್ನೊಬ್ಬರಿಗೆ ನರಕ. ಹಾಗೆಂದು ಎಲ್ಲವನ್ನೂ ಕಾಯಿಲೆ ಎಂದು ಬರೆದುಬಿಡುವುದೂ ಸುಲಭದ ದಾರಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1994ರಲ್ಲಿ ಮೊದಲ ಸಲ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ಬೇರೆ ಸಾಲು ಸೇರಿತು. ಗಮನ ಕೊಡಬೇಕಾದದ್ದು, ಆದರೆ ರೋಗ ಅಲ್ಲ ಎಂಬ ಅರ್ಥದಲ್ಲಿ.

ಕೊನೆಗೆ ಅಲಿಸ್ಟರ್ ಹಾರ್ಡಿ. ಕಡಲಿನ ಪ್ಲವಕಗಳನ್ನು, ಅಂದರೆ ತೇಲುವ ಸಣ್ಣ ಜೀವಿಗಳನ್ನು, ಹಡಗಿನ ಹಿಂದೆ ಎಳೆಯುತ್ತಲೇ ಹಿಡಿಯುವ ಯಂತ್ರ ಮಾಡಿದ ಪ್ರಾಣಿಶಾಸ್ತ್ರಜ್ಞ. ನಿವೃತ್ತಿಯ ನಂತರ 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಧಾರ್ಮಿಕ ಅನುಭವದ ಸಂಶೋಧನೆಗೆ ಒಂದು ಕೇಂದ್ರ ತೆರೆದರು. ಅವರು ಯಾರಿಗೂ ಮಾತ್ರೆ ಕೊಡಲಿಲ್ಲ, ದಾರ ಕಟ್ಟಲಿಲ್ಲ. ನಿಮಗಿಂತ ಬೇರೆಯಾದ ಒಂದು ಶಕ್ತಿಯ ಇರವು ಎಂದಾದರೂ ಅನುಭವಕ್ಕೆ ಬಂದಿದೆಯೇ ಎಂದು ಪತ್ರಿಕೆಗಳ ಮೂಲಕ ಕೇಳಿದರು, ಅಷ್ಟೇ. ಬಂದ ಬರಹಗಳು ಈಗ ವೇಲ್ಸ್‌ನಲ್ಲಿ ಇವೆ, ಆರು ಸಾವಿರಕ್ಕೂ ಹೆಚ್ಚು. ಅವರ ಜೊತೆ ಕೆಲಸ ಮಾಡಿದ ಡೇವಿಡ್ ಹೇ 1976ರಲ್ಲಿ ಬ್ರಿಟನ್ನಿನ ಉದ್ದಗಲಕ್ಕೆ ಅದೇ ಪ್ರಶ್ನೆ ಕೇಳಿಸಿದಾಗ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಹೌದು ಎಂದರು. ಮುಂದೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಹಲವರು, ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ ಎಂದರು. ಹೇಳಿದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂಬ ಭಯ.